ವಾದ್ಯ ಉಳಿದರೆ ಸಾಲದು

“ಅಮೆರಿಕದ ದನಗಾಹಿಗಳ ಹಾಡಿಗೆ ನುಡಿಸುವ ವಾದ್ಯದ ಚರಿತ್ರೆಯಿಂದ ನಿನಗೇನಾಗಬೇಕಯ್ಯಾ?” ಎಂದು ನನ್ನ ಸಹಪಾಠಿಯೊಬ್ಬನು ಕೇಳಿದನು. ಪ್ರಶ್ನೆ ನ್ಯಾಯವಾದುದೇ. ಆದರೆ ರಾಜರ ವಂಶಾವಳಿಯನ್ನು ಬಾಯಿಪಾಠ ಮಾಡುವ ನಾವು, ಒಂದು ವಾದ್ಯವನ್ನು ತಿದ್ದಿ ನುಡಿಸಿ ಹೋದವರ ಚರಿತ್ರೆ ಹೇಗೆ ಅಳಿಯುವುದೆಂಬುದನ್ನೂ ಒಮ್ಮೆ ನೋಡಬೇಡವೆ?

ಪೆಡಲ್ ಸ್ಟೀಲ್ ಗಿಟಾರು ಎದೆಗೊತ್ತಿ ಹಿಡಿಯುವ ಗಿಟಾರಲ್ಲ. ಮೇಜಿನಂತೆ ಕಾಲುಗಳ ಮೇಲೆ ಅಡ್ಡಲಾಗಿ ನಿಂತಿರುವುದು. ವಾದಕನು ಕುಳಿತು, ಬಲಗೈಯಿಂದ ತಂತಿ ಮೀಟುತ್ತ, ಎಡಗೈಯಲ್ಲಿ ಉಕ್ಕಿನ ಗುಂಡನ್ನು ತಂತಿಗಳ ಮೇಲೆ ಜಾರಿಸುವನು. ಗೋಟುವಾದ್ಯವನ್ನು ಕೇಳಿದವರಿಗೆ ಈ ಜಾರುನಾದ ಹೊಸದೆನಿಸದು. ಹೊಸದಿರುವುದೆಲ್ಲ ಕೆಳಗೆ. ಪೆಡಲನ್ನು ತುಳಿದರೆ, ಇಲ್ಲವೆ ಮೊಣಕಾಲಿನಿಂದ ಸನ್ನೆಯನ್ನು ತಳ್ಳಿದರೆ, ಸರಳುಗಳ ಮೂಲಕ ಅದಕ್ಕೆ ಸೇರಿದ ತಂತಿ ಮಾತ್ರ ಬಿಗಿಯುವುದು ಅಥವಾ ಸಡಿಲುವುದು. ಉಳಿದವು ಇದ್ದ ಶ್ರುತಿಯಲ್ಲೇ ಇರುವುವು.

ಇದರ ಮೂಲ ಹವಾಯಿ ದ್ವೀಪಗಳಲ್ಲಿದೆ. 1889ರ ಸುಮಾರಿಗೆ ಜೋಸೆಫ್ ಕೆಕುಕು ಎಂಬ ಬಾಲಕನು ಈ ಜಾರುವಾದನವನ್ನು ಕಂಡುಕೊಂಡನೆಂಬುದು ಬಹುಜನರು ಒಪ್ಪುವ ಮಾತು. ಭಾರತದಲ್ಲಿ ಹುಟ್ಟಿದ ಗೇಬ್ರಿಯಲ್ ಡೇವಿಯನ್ ಎಂಬುವನೇ ಮೊದಲಿಗನೆಂಬ ವಾದವೂ ಉಂಟು. ನಮ್ಮವನೆಂದು ಎದೆಯುಬ್ಬಿಸಲು ಆಸೆಯೇನೋ ಆಗುವುದು! ಆದರೆ ಆಸೆ ಪುರಾವೆಯಲ್ಲ. ಆ ಕಾಲದಲ್ಲಿ ಯಾರಾದರೂ ನಾಲ್ಕು ಸಾಲು ಬರೆದಿಟ್ಟಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಪೆಡಲುಗಳು ಬಂದುದು ಆಮೇಲೆ. ಮೊದಮೊದಲು ಅವು ಒಂದು ಶ್ರುತಿಯಿಂದ ಇನ್ನೊಂದಕ್ಕೆ ಹೋಗಲು ಅನುಕೂಲವೆಂದಷ್ಟೇ ಬಳಕೆಯಲ್ಲಿದ್ದುವು. 1953ರಲ್ಲಿ ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ಎಂಬ ಹಾಡಿನ ಮುದ್ರಣದಲ್ಲಿ ಬಡ್ ಐಸಾಕ್ಸ್, ಮೀಟಿದ ಸ್ವರ ಇನ್ನೂ ನುಡಿಯುತ್ತಿರುವಾಗಲೇ ಪೆಡಲು ತುಳಿದರು. ಒಂದು ತಂತಿ ಸ್ಥಿರವಾಗಿ ನಿಂತು, ಇನ್ನೊಂದು ಅದರೆಡೆಗೆ ಏರಿ ಬಂದಂತೆ ಕೇಳಿಸಿತು. 1954ರಲ್ಲಿ ಆ ಹಾಡು ಜಯಭೇರಿ ಹೊಡೆಯಿತು. ಇತರ ವಾದಕರೂ ತಮ್ಮ ವಾದ್ಯಗಳಿಗೆ ಪೆಡಲು ಅಳವಡಿಸಲು ಹೊರಟರು. ಆದರೆ ಆಗಿನ ತಟ್ಟೆಗಳ ಮೇಲೆ ಹಾಡುಗಾರನ ಹೆಸರಿರುತ್ತಿತ್ತೇ ಹೊರತು ಹಿಂದೆ ಕುಳಿತವನ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಯಾವ ಹಾಡಿನಲ್ಲಿ ಯಾರ ಕೈ ಎಂಬುದನ್ನು ಹಳಬರು ಕಿವಿಯಿಂದಲೇ ಗುರುತಿಸಿ ಹೇಳಬೇಕು. ಆ ಹಳಬರೂ ಹೋಗುತ್ತಿದ್ದಾರೆ: ಜಿಮ್ಮಿ ಡೇ 1999ರಲ್ಲಿ, ರಾಲ್ಫ್ ಮೂನಿ 2011ರಲ್ಲಿ, ಬಡಿ ಎಮನ್ಸ್ 2015ರಲ್ಲಿ.

ಇನ್ನೊಂದು ತೊಡಕಿದೆ. ಯಾವ ಪೆಡಲು ಯಾವ ತಂತಿಯನ್ನು ಎಷ್ಟು ಎಳೆಯಬೇಕೆಂಬುದನ್ನು ವಾದಕರು ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವರು. ಈ ಏರ್ಪಾಡಿಗೆ ಆ ಬಳಗದವರು ‘ಕೋಪೆಡೆಂಟ್’ ಎನ್ನುತ್ತಾರೆ. ವಾದಕನ ಬುದ್ಧಿಯ ಅರ್ಧಭಾಗ ಅದರಲ್ಲಿಯೇ ಅಡಗಿದೆಯೆಂದು ನನ್ನ ಎಣಿಕೆ. ವಾದಕನು ತೀರಿಕೊಂಡು ವಾದ್ಯವು ಮಾರಾಟವಾದರೆ, ಕೊಂಡವನು ಸರಳುಗಳನ್ನು ಬಿಚ್ಚಿ ತನಗೆ ಬೇಕಾದಂತೆ ಜೋಡಿಸುವನು. ಅವನ ತಪ್ಪೇನೂ ಇಲ್ಲ, ನುಡಿಸುವುದಕ್ಕೆಂದೇ ಕೊಂಡದ್ದು. ಆದರೆ ಮರ, ತಂತಿ, ಹೊಳಪು ಎಲ್ಲವೂ ಇದ್ದಂತೆಯೇ ಇದ್ದು, ಒಬ್ಬ ಮನುಷ್ಯನ ಇಡೀ ಸಾಧನೆ ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಗುವುದು.

ಹುಡುಕಿದರೆ ಸಿಗುತ್ತದೆಂಬುದಕ್ಕೂ ಸಾಕ್ಷಿಯಿದೆ. ‘ಹೌಸ್ ಆಫ್ ಗಾಡ್’ ಎಂಬ ಕರಿಯರ ಇಗರ್ಜಿಗಳಲ್ಲಿ 1930ರ ದಶಕದಿಂದಲೂ ಸ್ಟೀಲ್ ಗಿಟಾರಿನೊಡನೆ ಪ್ರಾರ್ಥನೆ ನಡೆಯುತ್ತಿತ್ತು. ವಿಲ್ಲಿ ಈಸನ್‌ರಂಥವರು ಬೆಳೆಸಿದ ಈ ಪರಂಪರೆ ಹೊರಗಿನವರ ಕಿವಿಗೆ ಬಹುಮಟ್ಟಿಗೆ ಬಿದ್ದಿರಲಿಲ್ಲ. 1990ರ ದಶಕದಲ್ಲಿ ಜಾನಪದ ಸಂಶೋಧಕ ರಾಬರ್ಟ್ ಸ್ಟೋನ್ ಫ್ಲಾರಿಡಾದಲ್ಲಿ ಆ ವಾದಕರ ಬಳಿಗೇ ಹೋಗಿ, ನುಡಿಸಿದ್ದನ್ನೂ ಹೇಳಿದ್ದನ್ನೂ ದಾಖಲಿಸಿದರು. ಮುಖ್ಯ ಪಟ್ಟಣಗಳ ಸುದ್ದಿಯನ್ನೇ ಚರಿತ್ರೆಯೆಂದು ನಂಬಿದ್ದವರಿಗೆ ಇದು ಒಳ್ಳೆಯ ಪೆಟ್ಟು.

ಸೇಂಟ್ ಲೂಯಿ ನಗರದಲ್ಲಿ 1978ರಲ್ಲಿ ಈ ವಾದಕರ ಸ್ಮರಣೆಗಾಗಿ ‘ಹಾಲ್ ಆಫ್ ಫೇಮ್’ ಒಂದನ್ನು ಆರಂಭಿಸಿದರು. ಒಳ್ಳೆಯ ಕೆಲಸವೇ. ಆದರೆ ಗೌರವಫಲಕಕ್ಕಿಂತ ಮುಂಚೆ ಆಗಬೇಕಾದುದು ಬೇರೆ. ವಾದಕನು ಬದುಕಿರುವಾಗಲೇ ವಾದ್ಯವನ್ನು ಬೋರಲು ಹಾಕಿ ಕೆಳಗಿನ ಸರಳುಗಳ ಚಿತ್ರ ತೆಗೆಯಬೇಕು, ಪೆಡಲುಗಳ ಲೆಕ್ಕವನ್ನು ಅವನ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು, ಹಳೆಯ ತಟ್ಟೆಗಳನ್ನು ಮುಂದೆ ಹಾಕಿ “ಇದು ಯಾರ ಕೈ?” ಎಂದು ಒಂದೊಂದಾಗಿ ಕೇಳಬೇಕು.