ಮಂಡಿ ಸವೆದಿದೆಯಂತೆ!

'ಮಂಡಿ ಸವೆದಿದೆಯಂತೆ' ಅನ್ನೋ ಮಾತನ್ನು ಬೆಂಗಳೂರಲ್ಲಿ ದಿನಕ್ಕೆ ಎಷ್ಟು ಜನ ಹೇಳ್ತಾರೋ ಲೆಕ್ಕವಿಲ್ಲ. ಅಮ್ಮನ ಮಂಡಿ ಸವೆದಿದೆ, ಮಾವನದ್ದು ಸವೆದಿದೆ, ಈಗೀಗ ಮೂವತ್ತೆರಡರ ಟೀಮ್ ಲೀಡ್‌ದೂ ಸವೆದಿದೆ. ಆರು ತಿಂಗಳಿಂದ ಕಾಲು ನೋವು ಅಂತ ಹೋದವರನ್ನು ಮಲಗಿಸಿ, ಕಾಲು ಮಡಿಸಿ, ತಿರುಗಿಸಿ ನೋಡೋ ಮೊದಲೇ ಎಂಆರ್‌ಐಗೆ ಚೀಟಿ ಬರೆದಾಗಿರುತ್ತೆ. ರಿಪೋರ್ಟ್ ಬರುತ್ತೆ. ಅದರಲ್ಲಿ ಏನೋ ಒಂದು ಹರಿದಿರುತ್ತೆ, ಏನೋ ಒಂದು ತೆಳ್ಳಗಾಗಿರುತ್ತೆ. ಸಿಕ್ತಲ್ಲ ಕಾರಣ! ಮನೆಯವರಿಗೂ ಸಮಾಧಾನ, ಡಾಕ್ಟರಿಗೂ ಸಮಾಧಾನ. ನೋವು ಮಾತ್ರ ಇದ್ದಲ್ಲೇ ಇರುತ್ತೆ.

ನನ್ನ ತಕರಾರು ಈ ಸಮಾಧಾನದ ಮೇಲೇ. ಸವೆತ ಅನ್ನೋದು ಚಿತ್ರದಲ್ಲಿ ಕಂಡ ಸಂಗತಿ. ಅದೇ ಈ ನೋವಿಗೆ ಕಾರಣ ಅನ್ನೋದು ಬೇರೆಯೇ ಮಾತು.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50ರಿಂದ 90 ವಯಸ್ಸಿನ 991 ಜನರ ಮಂಡಿಗೆ ಎಂಆರ್‌ಐ ಮಾಡಿ ನೋಡಿದರು. ನೋವು ಅಂತ ಬಂದವರನ್ನಲ್ಲ, ಊರಿನವರನ್ನು ಹಾಗೇ ಆರಿಸಿಕೊಂಡು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮಂಡಿಯೊಳಗಿನ ಮೆತ್ತೆ, ಅಂದರೆ ಮೆನಿಸ್ಕಸ್, ಹರಿದಿದ್ದವರಲ್ಲಿ ಶೇ. 61 ಜನಕ್ಕೆ ಹಿಂದಿನ ಒಂದು ತಿಂಗಳಲ್ಲಿ ನೋವೂ ಇರಲಿಲ್ಲ, ಬಿಗಿತವೂ ಇರಲಿಲ್ಲ. ತಲೆಗೂದಲು ನೆರೆಯೋ ಹಾಗೆ ಮಂಡಿಯೂ ಒಳಗೊಳಗೇ ನೆರೆಯುತ್ತೆ. ತಲೆನೋವು ಅಂತ ಹೋದವರಿಗೆ 'ನಿಮ್ಮ ಕೂದಲು ಬೆಳ್ಳಗಾಗಿದೆ, ಅದಕ್ಕೇ' ಅಂದರೆ ಒಪ್ಕೋತೀರಾ?

ಹರಿದಿದ್ರೆ ಕೀಹೋಲ್ ಮಾಡಿ ಕ್ಲೀನ್ ಮಾಡಿಬಿಡೋಣ ಅಂತಾರಲ್ಲ, ಅದರ ಕಥೆ ಇನ್ನೂ ಸ್ವಾರಸ್ಯ. ಹ್ಯೂಸ್ಟನ್‌ನ ಸರ್ಜನ್ ಬ್ರೂಸ್ ಮೋಸ್ಲಿ ಮತ್ತವರ ತಂಡ ಮಂಡಿಯ ಆರ್ಥ್ರೈಟಿಸ್ ಇದ್ದ 180 ಜನರನ್ನು ಮೂರು ಗುಂಪು ಮಾಡಿತು. ಒಂದು ಗುಂಪಿಗೆ ಮಂಡಿಯೊಳಗೆ ತೊಳೆದರು, ಇನ್ನೊಂದಕ್ಕೆ ತೊಳೆದು ಕೆರೆದರು, ಮೂರನೆಯದಕ್ಕೆ ಬರೀ ಚರ್ಮ ಕುಯ್ದು ಬಿಟ್ಟರು. ಎಲ್ಲರೂ ಮೊದಲೇ ಒಪ್ಪಿದ್ದವರೇ, ಯಾರಿಗೆ ಯಾವುದು ಅಂತ ಮಾತ್ರ ಹೇಳಿರಲಿಲ್ಲ. ಎರಡು ವರ್ಷ ವಿಚಾರಿಸ್ತಾ ಹೋದರು. 2002ರಲ್ಲಿ ಗೊತ್ತಾಗಿದ್ದು: ನಿಜವಾದ ಆಪರೇಷನ್ ಆದವರ ನೋವು ಸುಳ್ಳು ಆಪರೇಷನ್ ಆದವರಿಗಿಂತ ಕಮ್ಮಿಯೇನೂ ಆಗಿರಲಿಲ್ಲ. 2013ರಲ್ಲಿ ಫಿನ್‌ಲೆಂಡಿನವರು ವಯಸ್ಸಿನಿಂದ ಮೆನಿಸ್ಕಸ್ ಹರಿದಿದ್ದ 146 ಜನರ ಮೇಲೆ ಇಂಥದ್ದೇ ಪ್ರಯೋಗ ಮಾಡಿದರು. ಒಂದು ವರ್ಷದ ನಂತರ ಅಲ್ಲೂ ಅದೇ ಉತ್ತರ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ತಜ್ಞರ ಸಮಿತಿ, ಇಂಥ ಸವೆತಕ್ಕೆ ಕೀಹೋಲ್ ಮಾಡಬೇಡಿ ಅಂತ ನೇರವಾಗಿ ಬರೆಯಿತು. ಇಷ್ಟಾದ ಮೇಲೂ ನಮ್ಮಲ್ಲಿ 'ಸಣ್ಣ ತೂತು ಮೇಡಂ, ಸಂಜೆ ಮನೆಗೆ ಹೋಗಬಹುದು' ಅನ್ನೋ ಮಾತು ನಿಂತಿಲ್ಲ.

ಕ್ರಿಕೆಟ್ ಆಡುವಾಗ ಮಂಡಿ ತಿರುಚಿ ಲಿಗಮೆಂಟ್ ಹರಿದವರ ಮಾತು ಬೇರೆ, ಮಂಡಿ ಮಡಿಸಿದಲ್ಲೇ ಸಿಕ್ಕಿಹಾಕ್ಕೊಂಡವರ ಮಾತು ಬೇರೆ. ಕೀಲು ಪೂರ್ತಿ ಹಾಳಾಗಿ ರಾತ್ರಿ ನಿದ್ದೆಯಿಲ್ಲದೆ ಒದ್ದಾಡೋ ಅಜ್ಜಿಗೆ ಮಂಡಿ ಬದಲಿಸಿದರೆ ಬದುಕೇ ವಾಪಸ್ ಬರುತ್ತೆ, ಅದನ್ನೂ ನಾನು ಅಲ್ಲಗಳೆಯಲ್ಲ.

ಹಾಗಾದ್ರೆ ಉಳಿದವರ ನೋವು ಎಲ್ಲಿಂದ ಬರುತ್ತೆ? ಎಷ್ಟೋ ಸಲ ಮಂಡಿಯಿಂದಲೇ ಅಲ್ಲ. ಹಿಪ್ ಜಾಯಿಂಟ್ ಕೆಟ್ಟಿದ್ದರೂ ನೋವು ಮಂಡಿಯಲ್ಲಿ ಕಾಣಿಸ್ಕೋಬಹುದು, ಎರಡಕ್ಕೂ ಒಂದೇ ನರದ ಕವಲುಗಳು ಹೋಗಿರೋದರಿಂದ. ಮಂಡಿಗೆ ಹತ್ತು ಎಂಆರ್‌ಐ ಮಾಡಿಸಿದರೂ ಅದು ಸಿಗಲ್ಲ. ತೊಡೆ ಮಡಿಸಿ ಒಳಕ್ಕೆ ತಿರುಗಿಸಿದರೆ ಅರ್ಧ ನಿಮಿಷದಲ್ಲಿ ಸುಳಿವು ಸಿಗುತ್ತೆ. ಬೆನ್ನುಮೂಳೆಯಲ್ಲಿ ನರ ಒತ್ತಿದರೆ ತೊಡೆ, ಮೀನಖಂಡ, ಪಾದದವರೆಗೂ ನೋವು ಇಳಿಯುತ್ತೆ.

ಇನ್ನು ನಡೆದರೆ ಬರೋ ಮೀನಖಂಡದ ನೋವು. ಸುಮ್ನೆ ನಿಂತರೂ ಸಾಕು, ಎರಡು ನಿಮಿಷದಲ್ಲಿ ಹೋಗುತ್ತೆ ಅಂದರೆ ಕಾಲಿನ ರಕ್ತನಾಳ ಕಿರಿದಾಗಿರಬಹುದು. ಸಿಗರೇಟು ಸೇದೋರು, ಶುಗರ್ ಇರೋರು ಇದನ್ನ ವಯಸ್ಸು ಅಂತ ತಳ್ಳಿಹಾಕಬಾರದು, ಅದೇ ರೋಗ ಹೃದಯದ ನಾಳಗಳಲ್ಲೂ ಇರೋ ಸಾಧ್ಯತೆ ಹೆಚ್ಚು. ನಿಂತರೆ ಹೋಗಲ್ಲ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹೋಗುತ್ತೆ, ಸೂಪರ್‌ಮಾರ್ಕೆಟ್ ಟ್ರಾಲಿ ಮೇಲೆ ಒರಗಿಕೊಂಡು ಎಷ್ಟು ದೂರ ಬೇಕಾದರೂ ನಡೀತೀನಿ ಅಂದರೆ ಅದು ಬಹುತೇಕ ಬೆನ್ನುಮೂಳೆಯದು. ಈ ವ್ಯತ್ಯಾಸ ಕಂಡುಹಿಡಿಯೋಕೆ ಬೇಕಾದ್ದು ಮೊದಲು ಒಂದು ಪ್ರಶ್ನೆ. ಅದಕ್ಕೆ ಬಿಲ್ ಇಲ್ಲ, ಅದೇ ತೊಂದರೆ ಅನ್ಸುತ್ತೆ.

ಟೀಮ್ ಲೀಡ್‌ನ ವಿಷಯಕ್ಕೆ ಬರೋಣ. ಮಂಡಿಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯುವಾಗ ಹೆಚ್ಚು, ತುಂಬಾ ಹೊತ್ತು ಕೂತು ಎದ್ದರೆ ಹಿಡ್ಕೊಳ್ಳುತ್ತೆ. ಇಂಗ್ಲಿಷಿನಲ್ಲಿ ಇದಕ್ಕೆ ಮೂವಿಗೋಯರ್ಸ್ ನೀ ಅಂತಲೂ ಹೆಸರು. ನಾವು ಸಿಲ್ಕ್ ಬೋರ್ಡ್ ಮಂಡಿ ಅಂತ ಕರೀಬಹುದು. ಇದಕ್ಕೆ ಮದ್ದು ತೊಡೆಯ ಮತ್ತು ಹಿಪ್‌ನ ಸ್ನಾಯುಗಳನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಬಲಪಡಿಸೋದು. ಆದರೆ 'ಸವೆದಿದೆ' ಅನ್ನೋ ಪದ ಕಿವಿಗೆ ಬಿದ್ದ ಕೂಡಲೇ ಮನುಷ್ಯ ಮಾಡೋದು ಉಲ್ಟಾ. ಟೈರ್ ಸವೆದರೆ ಗಾಡಿ ಓಡಿಸೋದು ಕಮ್ಮಿ ಮಾಡ್ತೀವಲ್ಲ ಹಾಗೆ ಕಾಲನ್ನೂ ಎತ್ತಿಡ್ತಾನೆ. ಸ್ನಾಯು ಇನ್ನಷ್ಟು ಸೊರಗುತ್ತೆ, ನೋವು ಜಾಸ್ತಿಯಾಗುತ್ತೆ, 'ನೋಡಿ, ಇನ್ನೂ ಸವೀತಾ ಇದೆ' ಅಂತಾರೆ. ಒಂದು ಪದ ಮಾಡೋ ಅನಾಹುತ ಇದು.

ಊರಲ್ಲಿರೋ ಅಪ್ಪ ಅಮ್ಮನ ನೋವಿಗೆ ಇನ್ನೂ ಬೇರೆ ದಾರಿಗಳಿವೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಾದರೆ ಇಷ್ಟು ವರ್ಷ ಕುಡಿದ ಬೋರ್‌ವೆಲ್ ನೀರಿನ ಬಗ್ಗೆ ಯಾರಾದ್ರೂ ಕೇಳಿದ್ದಾರಾ? ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದಕ್ಕಿಂತ ಎಷ್ಟೋ ಹೆಚ್ಚಿರೋ ನೀರನ್ನು ದಶಕಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತೆ. 2006ರಲ್ಲಿ ಚಿಕುನ್‌ಗುನ್ಯ ಬಂದು ರಾಜ್ಯದ ಲಕ್ಷಾಂತರ ಜನ ಮಲಗಿದ್ರಲ್ಲ, ಆ ಜ್ವರ ಬಿಟ್ಟರೂ ಕೀಲುನೋವು ತಿಂಗಳು, ಕೆಲವರಿಗೆ ವರ್ಷಗಟ್ಟಲೆ ಬಿಡಲ್ಲ. ಬೆಳಿಗ್ಗೆ ಎದ್ದಾಗ ಒಂದು ಗಂಟೆ ಬಿಗಿತ, ಬೆರಳ ಗಿಣ್ಣುಗಳಲ್ಲೂ ಊತ ಅಂದರೆ ರುಮಟಾಯ್ಡ್ ಇರಬಹುದು, ಅದಕ್ಕೆ ಬೇಗ ಔಷಧಿ ಶುರುಮಾಡಿದಷ್ಟೂ ಕೀಲು ಉಳಿಯುತ್ತೆ. ವಿಟಮಿನ್ ಡಿ ತೀರಾ ಕಮ್ಮಿಯಾದರೂ ಮೂಳೆ ಮೂಳೆ ನೋಯುತ್ತೆ. ಇವುಗಳಲ್ಲಿ ಯಾವುದಕ್ಕೂ ಎಣ್ಣೆ ತಿಕ್ಕೋದು ಉತ್ತರವಲ್ಲ. ಮತ್ತೆ, ಒಂದೇ ಮೀನಖಂಡ ದಿಢೀರ್ ಊದಿಕೊಂಡರೆ, ಅಥವಾ ಜ್ವರದ ಜೊತೆ ಮಂಡಿ ಕೆಂಪಗೆ ಬಿಸಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಈ ಸವೆತದ ಸಮಾಧಾನವೂ ಸಿಗದವರಿದ್ದಾರೆ. ನಿಮ್ಮ ಅಪಾರ್ಟ್‌ಮೆಂಟಿನ ಆರು ಮನೆಗಳಲ್ಲಿ ಕುಕ್ಕರಗಾಲಲ್ಲಿ ಕೂತು ನೆಲ ಒರೆಸೋ ಅಕ್ಕನಿಗೆ ಎಂಆರ್‌ಐ ಇಲ್ಲ. ಮೆಡಿಕಲ್ ಶಾಪಿನ ಹುಡುಗ ಕೊಡೋ ಡೈಕ್ಲೋಫೆನಾಕ್ ಇದೆ. ಅದನ್ನ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗಬಹುದು, ಕಿಡ್ನಿ ಹಾಳಾಗಬಹುದು. ಆಕೆಯ ನೋವಿಗೆ ಒಂದು ದೊಡ್ಡ ಕಾರಣ ಆಕೆಯ ಕೆಲಸ. ಉದ್ದ ಕೋಲಿನ ಮಾಪ್ ಕೊಟ್ಟರೆ 'ಮೂಲೆ ಸರಿಯಾಗಿ ಕ್ಲೀನ್ ಆಗಲ್ಲ' ಅನ್ನೋರು ನಮ್ಮವರೇ.

ದುಡ್ಡಿನ ಲೆಕ್ಕಾನೂ ಹೇಳಿಬಿಡ್ತೀನಿ. ನಮ್ಮ ಕಂಪನಿ ಇನ್ಶೂರೆನ್ಸ್‌ಗಳಲ್ಲಿ ಹೆಚ್ಚಿನವು ದುಡ್ಡು ಕೊಡೋದು ಆಸ್ಪತ್ರೆಗೆ ಸೇರಿದರೆ. ಉಪಯೋಗವಿಲ್ಲದ ಕೀಹೋಲ್‌ಗೆ ಕ್ಯಾಶ್‌ಲೆಸ್ ಸಿಗುತ್ತೆ, ಉಪಯೋಗವಿರೋ ಮೂರು ತಿಂಗಳ ಫಿಸಿಯೋಥೆರಪಿಗೆ ಜೇಬಿಂದ ಕೊಡಬೇಕು. ಮುಂದಿನ ಸಲ ಎಚ್‌ಆರ್‌ನವರು ವೆಲ್‌ನೆಸ್ ವೀಕ್ ಅಂತ ಝುಂಬಾ ಮಾಡಿಸೋಕೆ ಬಂದಾಗ ಕೇಳಿ, ಫಿಸಿಯೋ ಕವರ್ ಆಗುತ್ತಾ ಅಂತ. ಆಗಲ್ಲ ಅಂದರೆ ಯಾಕೆ ಅಂತ ಮೇಲ್‌ನಲ್ಲಿ ಬರೆದುಕೊಡಿ ಅನ್ನಿ.