ಎರವಲು ವಸ್ತುವಿನ ಮೇಲಿನ ಗೀರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಭಜನೆಯ ಹಾರ್ಮೋನಿಯಂ, ಮದುವೆಯ ಮಣೆ, ಹಬ್ಬದ ಮೇಜು-ಬೆಂಚುಗಳು ಮನೆಯಿಂದ ಮನೆಗೆ ಎರವಲು ಹೋಗುವ ರೂಢಿ ಹಳೆಯದು. ಒಂದು ಹಾರ್ಮೋನಿಯಂ ಹತ್ತು ಮನೆಗಳಿಗೆ ಒದಗಿದರೆ ಒಂಬತ್ತು ಪೆಟ್ಟಿಗೆಗಳ ಮರ ಉಳಿಯುತ್ತದೆ. ಪರಿಸರ ಸಂರಕ್ಷಣೆಯ ಇದಕ್ಕಿಂತ ಸರಳವಾದ ಲೆಕ್ಕ ಬೇರೊಂದಿಲ್ಲ.

ಈ ಲೆಕ್ಕವನ್ನು ಕೆಡಿಸಲು ಒಂದು ಸಣ್ಣ ಗೀರು ಸಾಕು. ಕೊಟ್ಟವರು ಅದನ್ನು ಕಂಡರೂ ಮಾತನಾಡುವುದಿಲ್ಲ. ಮುಂದಿನ ಸಲ ಕೇಳಿದಾಗ ವಸ್ತು ಮನೆಯಲ್ಲಿಲ್ಲವೆನ್ನುತ್ತಾರೆ. ಆಗ ಪ್ರತಿಯೊಬ್ಬರೂ ತಮ್ಮದೇ ಒಂದನ್ನು ಕೊಳ್ಳಲು ಹೊರಡುತ್ತಾರೆ. "ಕೆಟ್ಟರೆ ಹೊಸದು ಕೊಡಿಸಿದರಾಯಿತು" ಎನ್ನುವವರೂ ಇದ್ದಾರೆ. ಆದರೆ ಹೊಸದು ಎಲ್ಲಿಂದ ಬರಬೇಕು? 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರ ಜಿಲ್ಲೆಯ ಹೊಲ-ಗುಡ್ಡಗಳನ್ನು ನೀಲಗಿರಿ ಆವರಿಸಿತು. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಹಳೆಯ ತೇಗ, ಹೊನ್ನೆ, ಹಲಸಿನ ಹಲಗೆಗೆ ಸಮನಾದದ್ದನ್ನು ಈ ನೆಡುತೋಪುಗಳು ಕೊಡಲಾರವು.

ಹಳೆಯ ಮರದ ಸಾಮಾನುಗಳ ಹೊಳಪು ಬಹುಮಟ್ಟಿಗೆ ಅರಗಿನದು. ಅರಗು ಒಂದು ಕೀಟದ ಸ್ರಾವ. ಹಳೆ ಮೈಸೂರು ಸೀಮೆಯ ಒಣ ಗುಡ್ಡಗಳ ಜಾಲಾರಿ ಮರವೂ ಆ ಕೀಟಕ್ಕೆ ಆಶ್ರಯ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಹಳೆಯ ಲೇಪದ ಮೇಲೆ ಸವರಿದರೆ ಅದು ಕೆಳಗಿನ ಪದರವನ್ನು ತುಸು ಕರಗಿಸಿ ಅದರೊಡನೆ ಒಂದಾಗುತ್ತದೆ. ಆದ್ದರಿಂದ ಗೀರು ಬಿದ್ದಷ್ಟೇ ಜಾಗವನ್ನು ಸರಿಪಡಿಸಬಹುದು. ಇಂದಿನ ಪಾಲಿಯುರೆಥೇನ್ ಲೇಪಕ್ಕೆ ಈ ಗುಣವಿಲ್ಲ. ಅದು ಗಟ್ಟಿಯಾದರೂ, ಒಮ್ಮೆ ಆಳವಾಗಿ ಗೀರಿದರೆ ಹಲವು ವೇಳೆ ಇಡೀ ಮೇಲ್ಮೈಯನ್ನೇ ಉಜ್ಜಿ ತೆಗೆಯಬೇಕಾಗುತ್ತದೆ. ದುರಸ್ತಿಗೆ ಒಗ್ಗುವ ಲೇಪವೇ ಮಿತವ್ಯಯದ ಲೇಪ.

ಗೀರು ಬಿದ್ದಾಗ ಮೊದಲು ಮಾಡಬೇಕಾದ್ದು ಮಾಲೀಕರಿಗೆ ತಿಳಿಸುವುದು. ಮುಚ್ಚಿಟ್ಟು ಮಾಡಿದ ದುರಸ್ತಿ ಎಷ್ಟೇ ನಯವಾಗಿದ್ದರೂ ವಂಚನೆಯೇ. ಅವರು ಒಪ್ಪಿದ ಮೇಲೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಇಟ್ಟು ನೋಡಬೇಕು. ಲೇಪ ಅಂಟಂಟಾದರೆ ಅದು ಅರಗು. ಉಗುರಿಗೆ ಸಿಗದಷ್ಟು ತೆಳುವಾದ ಗೀರಿಗೆ ಜೇನುಮೇಣವನ್ನು ಮೆತ್ತನೆಯ ಬಟ್ಟೆಯಿಂದ ತಿಕ್ಕಿದರೆ ಸಾಕು. ಮರದ ಬಣ್ಣ ಬಿಳಿಚಿ ಕಂಡರೆ ಅಕ್ರೋಟಿನ ತಿರುಳನ್ನು ಉಜ್ಜಬಹುದು. ಅದರ ಎಣ್ಣೆ ಆ ಎಳೆಯನ್ನು ಗಾಢವಾಗಿಸುತ್ತದೆ. ಲೇಪ ಕಿತ್ತುಹೋಗಿದ್ದರೆ ಸಣ್ಣ ಕುಂಚದಿಂದ ಅರಗನ್ನು ತೆಳುವಾಗಿ, ಪ್ರತಿ ಪದರ ಒಣಗಿದ ಮೇಲೆ ಮತ್ತೊಂದರಂತೆ ಹಚ್ಚಬೇಕು. ಅರಗು ಹಚ್ಚುವ ಜಾಗದಲ್ಲಿ ಮೇಣವನ್ನಾಗಲಿ ಎಣ್ಣೆಯನ್ನಾಗಲಿ ಮೊದಲೇ ಬಳಿಯಕೂಡದು, ಲೇಪ ಹಿಡಿಯುವುದಿಲ್ಲ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಹತ್ತಿರ ದೀಪ, ಒಲೆ ಇರಬಾರದು. ಗೀರು ಮರಕ್ಕೇ ಇಳಿದಿದ್ದರೆ, ಅಥವಾ ವಸ್ತು ಹಳೆಯ ವೀಣೆ, ತಂಬೂರಿಯಾಗಿದ್ದರೆ, ಬಲ್ಲ ಕುಶಲಕರ್ಮಿಯ ಕೈಗೇ ಕೊಡಬೇಕು. ಖರ್ಚು ಎರವಲು ತಂದವರದು.

ಪ್ರತಿ ಭಜನಾ ಮಂಡಳಿ, ಯುವಕ ಸಂಘ ಒಂದು ಡಬ್ಬಿಯಲ್ಲಿ ಅರಗು, ಜೇನುಮೇಣ, ಕುಂಚ, ಹಳೆಯ ಹತ್ತಿ ಬಟ್ಟೆಯನ್ನು ಇಟ್ಟುಕೊಳ್ಳಲಿ. ಊರಿನ ಬಡಗಿಯನ್ನು ಕರೆದು ಒಂದು ಮಧ್ಯಾಹ್ನ ಮಕ್ಕಳಿಗೆ ಈ ಕೆಲಸ ಕಲಿಸಲಿ. ಕೆಲಸವಿಲ್ಲದೆ ಕುಳಿತ ಬಡಗಿಗೂ ಅದು ಗೌರವ. ಕಾಡು ಉಳಿಸಿರೆಂದು ಊರೂರಿಗೆ ಹೇಳಹೊರಟ ನಾವು, ಕಾಡಿನಿಂದ ಈಗಾಗಲೇ ಮನೆಗೆ ಬಂದಿರುವ ಮರವನ್ನು ಉಳಿಸಿಕೊಳ್ಳುವುದರಿಂದ ಆರಂಭಿಸುವುದು ನ್ಯಾಯವಲ್ಲವೇ?