ಹಿಪ್ಪುನೇರಳೆ ಹಣ್ಣು



ಕಲಾ ವಿಭಾಗದ ಪದವೀಧರೆಯೂ ಮೂರು ದಶಕಗಳಿಂದ ಕುವೈತಿನಲ್ಲಿ ಸಂಸಾರ ನಡೆಸಿದವಳೂ ಆದ ನಾನು ಜೀವಕೋಶಗಳ ಕುರಿತು ಬರೆಯುವುದನ್ನು ಕಂಡು ತಾವು ಮುಗುಳ್ನಗಬಹುದು. ಬರೆಯಲು ಕಾರಣ ನನ್ನ ಮಗಳು.

ಸಾಲ್ಮಿಯಾದಲ್ಲಿ ನೆಲೆಸಿರುವ ಆಕೆ ಕಳೆದ ವರ್ಷ ಪ್ರನಾಳ ಶಿಶು ಚಿಕಿತ್ಸೆಗೆ ಒಳಗಾದಳು. ಮೂರನೆಯ ದಿನ ಭ್ರೂಣದಲ್ಲಿ ಎಂಟು ಕೋಶಗಳಿದ್ದವು. ಮುಂದೆ ಅವು ಒಂದಕ್ಕೊಂದು ಒತ್ತಿ ಕೂಡಿಕೊಳ್ಳಲಿಲ್ಲವೆಂದು ವೈದ್ಯೆ ತಿಳಿಸಿದರು. ಊರಿನಿಂದ ಬಂಧುಗಳು ದೂರವಾಣಿಯಲ್ಲಿ, "ಮೆಟ್ಟಿಲು ಹತ್ತಿಳಿದಳಲ್ಲ, ಅದಕ್ಕೇ" ಎಂದರು. ಮಗಳು ಅದನ್ನೇ ನಂಬಿ ಅತ್ತಳು. ಅಂದಿನಿಂದ ನಾನು ಓದತೊಡಗಿದೆ.

ಆರಂಭದಲ್ಲಿ ಭ್ರೂಣದ ಕೋಶಗಳು ಬಿಡಿಬಿಡಿ ಗುಂಡುಗಳಂತಿರುತ್ತವೆ. ನಾಲ್ಕನೆಯ ದಿನದ ಹೊತ್ತಿಗೆ ಒತ್ತಿಕೊಂಡು ಒಂದೇ ಉಂಡೆಯಾಗುತ್ತವೆ. ಈ ಕಾಲದ ಭ್ರೂಣಕ್ಕೆ 'ಮೊರುಲಾ' ಎಂದು ಹೆಸರು. ಲ್ಯಾಟಿನ್ ಮೂಲದ ಈ ಪದದ ಅರ್ಥ ಪುಟ್ಟ ಹಿಪ್ಪುನೇರಳೆ ಹಣ್ಣು. ರೇಷ್ಮೆಯ ಸೀಮೆಯಲ್ಲಿ ಹುಟ್ಟಿದ ನನಗೆ ಅದು ಪರಿಚಿತ ರೂಪ.

2013ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ನಿಕೋಲಸ್ ಪ್ಲಾಕ್ಟಾ ಅವರ ತಂಡವು ಜೀವಂತ ಇಲಿ ಭ್ರೂಣಗಳಲ್ಲಿ ಒಂದು ಸೋಜಿಗವನ್ನು ಕಂಡಿತು. ಹಾಗಲಬಳ್ಳಿಯ ಕುಡಿ ಚಪ್ಪರದ ಕಡ್ಡಿಯನ್ನು ಹಿಡಿಯುವಂತೆ, ಕೋಶದ ಪೊರೆಯಿಂದ ಹೊರಟ ಸಪೂರ ಎಳೆಗಳು ನೆರೆಯ ಕೋಶದ ಮೇಲೆ ಚಾಚಿಕೊಳ್ಳುತ್ತವೆ. ಇವೇ ಫಿಲೊಪೋಡಿಯಾ. ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು ಇಲ್ಲದೆ ಇವುಗಳ ಕೆಲಸ ಸಾಗದು. ಲೇಸರ್ ಕಿರಣದಿಂದ ಎಳೆಗಳನ್ನು ಕಡಿದಾಗ ಕೋಶವು ತನ್ನ ಚಾಚಿದ ಆಕಾರವನ್ನು ಉಳಿಸಿಕೊಳ್ಳಲಿಲ್ಲ. ವಿಭಜನೆಗೆ ಮುನ್ನ ಕೋಶವು ಎಳೆಗಳನ್ನು ತಾನೇ ಹಿಂದೆಗೆದುಕೊಂಡು ಮತ್ತೆ ಗುಂಡಗಾಗುತ್ತದೆ.

ಆದರೆ ಎಳೆಗಳೇ ಎಲ್ಲವೂ ಅಲ್ಲ. 2024ರಲ್ಲಿ ಪ್ಯಾರಿಸ್ಸಿನ ಸಂಶೋಧಕರು, ದಾನವಾಗಿ ಬಂದ ಮಾನವ ಭ್ರೂಣಗಳಲ್ಲಿ ಕೋಶಗಳ ಹೊರಮೈಯ ಬಿಗಿತ ನಾಲ್ಕು ಪಟ್ಟು ಏರಿ, ಆ ಸೆಳೆತವೇ ಅವುಗಳನ್ನು ಒಗ್ಗೂಡಿಸುವುದೆಂದು ತೋರಿಸಿದರು. ಬಿಗಿಯುವ ಶಕ್ತಿಯಿಲ್ಲದ ಕೋಶವು ಗುಂಪಿನಿಂದ ಹೊರಗುಳಿಯುತ್ತದೆ.

ಇದನ್ನೆಲ್ಲ ಮಗಳಿಗೆ ವಿವರಿಸಿದೆ. "ಆ ನಾಲ್ಕನೆಯ ದಿನ ಭ್ರೂಣವಿದ್ದುದು ಪ್ರಯೋಗಾಲಯದ ತಟ್ಟೆಯಲ್ಲಿ, ನೀನು ಮೆಟ್ಟಿಲು ಹತ್ತಿದ್ದು ನಿನ್ನ ಮನೆಯಲ್ಲಿ. ಅದಕ್ಕೂ ಇದಕ್ಕೂ ಏನು ಸಂಬಂಧ, ಮಗಳೇ?" ಅವಳು ಬಹಳ ಹೊತ್ತು ಸುಮ್ಮನಿದ್ದು, "ಇದನ್ನು ದೊಡ್ಡಮ್ಮನಿಗೂ ಹೇಳಮ್ಮ" ಎಂದಳು.

ದೊಡ್ಡಮ್ಮನಿಗೆ ಹೇಳಿದ್ದೇನೆ, ಇದೀಗ ತಮಗೂ. ತಮ್ಮ ಬಂಧುಬಳಗದಲ್ಲಿಯೂ ಇಂತಹ ಹೆಣ್ಣುಮಕ್ಕಳಿರಬಹುದು. ಫೋನಿನಲ್ಲಿ ಕಾರಣ ಹುಡುಕುವ ಮುನ್ನ ಈ ಪುಟ್ಟ ಹಣ್ಣನ್ನು ನೆನೆಯಿರಿ. ಮಗಳು ಈ ಚಳಿಗಾಲದಲ್ಲಿ ಮತ್ತೊಮ್ಮೆ ಪ್ರಯತ್ನಿಸಲಿದ್ದಾಳೆ.